ಬೀಕರಿನಲ್ಲಿ ಒಡೆದ ಹಾಲು: ನ್ಯಾನೋಕಣ ಕೂಡಿಬಂದ ಕತೆ

ಜುಲೈ ಪೂರ್ತಿ ಶಿವಮೊಗ್ಗದಲ್ಲಿ ಮಳೆ, ಲ್ಯಾಬಿನೊಳಗೆ ನನ್ನ ಬೀಕರಿನಲ್ಲಿ ಒಡೆದ ಹಾಲು. ಮಾಡಲು ಹೊರಟಿದ್ದು ಓವಾಲ್ಬುಮಿನ್ ತುಂಬಿದ ಕೈಟೋಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ತಯಾರಿಸುವ ಪಾಲಿಮರ್) ನ್ಯಾನೋಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಮೊಟ್ಟೆಯ ಬಿಳಿಯಲ್ಲಿರುವ ಈ ಪ್ರೋಟೀನು ಕಣದ ರೂಪದಲ್ಲಿ ಸಿಕ್ಕರೆ ದೇಹದ ಕಾವಲುಗಾರರಾದ ಡೆಂಡ್ರೈಟಿಕ್ ಕೋಶಗಳು ಚೆನ್ನಾಗಿ ನುಂಗುತ್ತವೆ, ಚೂರು ಮಾಡಿ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸುತ್ತವೆ. ಜೊತೆಗೆ ಏನು ಸೇರಿಸಿದ್ದೇವೆ ಅನ್ನುವುದರ ಮೇಲೆ ರೋಗನಿರೋಧಕ ವ್ಯವಸ್ಥೆ ಕೆರಳಬಹುದು, ಸುಮ್ಮನೂ ಆಗಬಹುದು. ಅದೆಲ್ಲ ಆಮೇಲಿನ ಮಾತು. ನನಗೆ ಕಣವೇ ಆಗುತ್ತಿರಲಿಲ್ಲ.

ಮೊದಲು ಬೈದಿದ್ದು ಟ್ರೈಪಾಲಿಫಾಸ್ಫೇಟನ್ನು, ಕೈಟೋಸಾನನ್ನು ಹೆಣೆದು ಕಣವಾಗಿಸುವ ಋಣಾವೇಶದ ಲವಣವನ್ನು. ಹನಿ ನಿಧಾನ ಮಾಡಿದೆ, ಸ್ಟಿರರ್ ಜೋರು ಮಾಡಿದೆ, ಹೊಸದಾಗಿ ಕೈಟೋಸಾನ್ ಕರಗಿಸಿದೆ. ಮತ್ತದೇ ಎಳೆಎಳೆ ಗಂಟು. ಒಂದು ಸಂಜೆ ಕರೆಂಟ್ ಹೋಯಿತು, ಪಿಎಚ್ ಮೀಟರ್ ಆಫ್. ಬೇರೆ ದಾರಿಯಿಲ್ಲದೆ ಪಿಎಚ್ ಕಾಗದ ಅದ್ದಿದೆ. ಮೀಟರ್ 5.5 ಅಂದಿದ್ದ ದ್ರಾವಣ ಕಾಗದದಲ್ಲಿ 4.5ರ ಆಸುಪಾಸು! ಓವಾಲ್ಬುಮಿನ್‌ನ ನಿವ್ವಳ ವಿದ್ಯುದಾವೇಶ ಸೊನ್ನೆಯಾಗುವುದು ಹೆಚ್ಚುಕಡಿಮೆ ಅಲ್ಲೇ. ಆವೇಶ ಕಳೆದುಕೊಂಡ ಪ್ರೋಟೀನು ಧನಾವೇಶದ ಕೈಟೋಸಾನನ್ನು ಹಿಡಿಯುವುದು ಬಿಟ್ಟು ತನ್ನಲ್ಲೇ ಗಂಟು ಕಟ್ಟುತ್ತದೆ.

ಎಲೆಕ್ಟ್ರೋಡಿನ ಗಾಜಿನ ಗುಂಡು ಒಣಗಿ ಬೆಳ್ಳಗಾಗಿತ್ತು. ಯಾರೋ (ನಾನೇ ಇರಬಹುದು) ಕ್ಯಾಪಿನಲ್ಲಿ ದ್ರಾವಣವಿಲ್ಲದೆ ಇಟ್ಟಿದ್ದರು. ರಾತ್ರಿಯಿಡೀ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ನೆನೆಸಿ, 4 ಮತ್ತು 7ರ ಹೊಸ ಬಫರ್‌ಗಳಲ್ಲಿ ಕ್ಯಾಲಿಬ್ರೇಟ್ ಮಾಡಿ, ಕೈಟೋಸಾನನ್ನು ನಿಜವಾದ 5.5ಕ್ಕೆ ತಂದೆ. ಪ್ರೋಟೀನನ್ನು ಟ್ರೈಪಾಲಿಫಾಸ್ಫೇಟಿನಲ್ಲಿ ಬೆರೆಸಿ ಹನಿಹನಿಯಾಗಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ತೆಳು ಅಕ್ಕಚ್ಚಿನಂಥ ಮಬ್ಬು, ಅಂಚಿನಲ್ಲಿ ಒಂದಿಷ್ಟು ನೀಲಿ. ಲೇಸರ್ ಪಾಯಿಂಟರ್ ಹಿಡಿದರೆ ಕೆಂಪು ಗೆರೆ ಈ ಬದಿಯಿಂದ ಆ ಬದಿಗೆ ನೇರ ಕಾಣಿಸಿತು, ಅಂದರೆ ಬೆಳಕು ಚದುರಿಸುವ ಸಣ್ಣ ಕಣಗಳು ಒಳಗಿವೆ. ಗಂಟು ಒಂದೂ ಇಲ್ಲ.