ನ್ಯಾಫ್ತಲೀನ್ ಹರಳಿನ ಮೇಲೆ ಎಂಟು ಕಿಲೋ: ನನ್ನ ಅನುಭವ

ಎರಡು ವಜ್ರಗಳ ನಡುವೆ ವಸ್ತುವನ್ನು ಒತ್ತುವ ಡೈಮಂಡ್ ಆನ್ವಿಲ್ ಇಲ್ಲದೆ ಒತ್ತಡದಲ್ಲಿ ರಾಮನ್ (ಲೇಸರ್ ಬಿಟ್ಟು, ಚದುರಿದ ಬೆಳಕಿನ ಗೆರೆಗಳಿಂದ ಅಣುಗಳ ಕಂಪನ ಅಳೆಯುವುದು) ಮಾಡೋಕಾಗಲ್ಲ ಅಂತ ಧಾರವಾಡದಲ್ಲೇ ಮೂವರು ಹೇಳಿದ್ದರು. ಕಿರಾಣಿ ಅಂಗಡಿಯ ತೂಕದ ಕಲ್ಲು ಇಟ್ಟು ನಾನು ಮಾಡಿದೆ. ಒಂದೂವರೆ ವರ್ಷ ಹಿಡಿಯಿತು.

ನ್ಯಾಫ್ತಲೀನ್ (ನುಸಿಗುಳಿಗೆಯ ವಸ್ತು) ಹರಳನ್ನು ಬ್ರಿಜ್‌ಮನ್ ವಿಧಾನದಲ್ಲಿ, ಅಂದರೆ ಕರಗಿಸಿ ಒಂದು ತುದಿಯಿಂದ ನಿಧಾನವಾಗಿ ತಣಿಸಿ, ನಾನೇ ಬೆಳೆಸಿದ್ದು. ಬದಿ ಹೆಚ್ಚುಕಮ್ಮಿ 4 ಮಿಲಿಮೀಟರ್. ಒತ್ತುವ ಚೌಕಟ್ಟನ್ನು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಲೇತ್ ಮೇಲೆ ಮಾಡಿಸಿದೆ. ಮೊದಲನೆಯದಕ್ಕೆ ನಾಲ್ಕು ಸಾವಿರ ಹೋಯಿತು, ಪಿಸ್ಟನ್ ಕೂದಲೆಳೆಯಷ್ಟು ಓರೆ. ಅಷ್ಟು ಓರೆ ಸಾಕು, ಹರಳಿನೊಳಗಿನ ಅಣುಗಳ ಪದರಗಳು (ಎ-ಬಿ ಪದರಗಳು) ಇಸ್ಪೀಟ್ ಎಲೆಗಳಂತೆ ಜಾರುತ್ತವೆ. ಹತ್ತು ಹನ್ನೆರಡು ಹರಳು ಹಾಗೇ ಹೋದವು. ಎರಡನೇ ಚೌಕಟ್ಟಿಗೆ ಇನ್ನೂ ಆರು ಸಾವಿರ. ಪದರಕ್ಕೆ ನೇರ ಲಂಬವಾಗಿ ಒತ್ತಿದ ಮೇಲೆ 8 ಕಿಲೋ ತಡೆಯಿತು. ಪಿಸ್ಟನ್ನಿಗೂ ಹರಳಿಗೂ ನಡುವೆ ಏನಿಡುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ಏಪ್ರಿಲ್‌ನಲ್ಲಿ. ಸ್ಪೆಕ್ಟ್ರಮ್ಮಿನಲ್ಲಿ 125 ವೇವ್‌ನಂಬರ್ (ಕಂಪನ ಎಷ್ಟು ಚುರುಕು ಅನ್ನೋದರ ಅಳತೆ) ಹತ್ತಿರದ ಗೆರೆ ಚೆನ್ನಾಗಿ ಸರಿಯುತ್ತಿತ್ತು, ನನಗೆ ಖುಷಿಯೋ ಖುಷಿ. ತೂಕ ತೆಗೆದರೂ ಗೆರೆ ವಾಪಸ್ ಬರಲಿಲ್ಲ! ನಾನು ಅಳೆದಿದ್ದು ಮಧ್ಯಾಹ್ನದ ಸೆಕೆ. ಎರಡು ಮೂರು ಡಿಗ್ರಿ ಏರಿದರೆ ಸಾಕು, 8 ಕಿಲೋ ಸರಿಸುವಷ್ಟೇ ಗೆರೆ ಸರಿಯುತ್ತದೆ, ಅದೂ ಉಲ್ಟಾ ದಿಕ್ಕಿಗೆ. ಮೂರು ತಿಂಗಳ ಅಳತೆ ಕಸಕ್ಕೆ ಹೋಯಿತು. ಆಮೇಲೆ ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಮಾತ್ರ ಕೂತೆ. ಲೇಸರ್ ಶಕ್ತಿ ಇಳಿಸಿದೆ, ಪ್ರತಿ ಸ್ಪೆಕ್ಟ್ರಮ್ಮಿನಲ್ಲೂ ಕದಲದ ಗುರುತಾಗಿ ನಿಯಾನ್ ದೀಪದ ಗೆರೆ ಸೇರಿಸಿದೆ. ತೂಕ ಇಡು, ತೆಗಿ, ಮತ್ತೆ ಇಡು, ಹೀಗೆ ನಲವತ್ತು ಸಲ. ಹರಳು ಗಾಳಿಗೆ ಸವೆದು ಅಗಲ ಕಡಿಮೆಯಾಗುತ್ತೆ ಅಲ್ವಾ, ಅದಕ್ಕೆ ಡಬ್ಬಿಯೊಳಗೆ ನ್ಯಾಫ್ತಲೀನ್ ಪುಡಿಯನ್ನೇ ಹಾಕಿಟ್ಟೆ.

ನಡುವೆ ಸುಮ್ನೆ ಕಲ್ಲುಸಕ್ಕರೆಯನ್ನೂ ಒತ್ತಿ ನೋಡಿದೆ. ಅದು ಬಲು ಗಟ್ಟಿ. 8 ಕಿಲೋಗೆ ಗೆರೆ ಕದಲಲಿಲ್ಲ. ಕತ್ತಲೆಯಲ್ಲಿ ಸುತ್ತಿಗೆಯಿಂದ ಒಡೆದಾಗ ಮಾತ್ರ ನೀಲಿ ಬೆಳಕು ಮಿಂಚಿತು. ಆ ಸಂಜೆ ಬೇರೆ ಕೆಲಸ ಆಗಲಿಲ್ಲ, ಅರ್ಧ ಕಿಲೋ ಕಲ್ಲುಸಕ್ಕರೆ ಒಡೆದೆ.

ಕೊನೆಗೆ ಸಿಕ್ಕಿದ್ದು: 125ರ ಗೆರೆ ಸುಮಾರು 0.2 ವೇವ್‌ನಂಬರ್ ಮೇಲಕ್ಕೆ, ತೂಕ ತೆಗೆದರೆ ವಾಪಸ್. ಅಣುವಿನೊಳಗಿನ ಕಂಪನದ 764 ಮತ್ತು 1382ರ ಗೆರೆಗಳು ಜಾಗ ಬಿಡಲಿಲ್ಲ. ಅಣು ಇಡಿಯಾಗಿ ತೂಗಾಡುವ ಕಂಪನಕ್ಕೆ (125ರ ಗೆರೆ ಅದರದ್ದು) ಒತ್ತಡ ತಾಗುತ್ತದೆ, ಅಣುವಿನೊಳಗಿನ ಗಟ್ಟಿ ಬಂಧಕ್ಕೆ ಇಷ್ಟು ಭಾರ ಲೆಕ್ಕಕ್ಕೇ ಇಲ್ಲ. ಇದನ್ನು ತೂಕದ ಕಲ್ಲಿನಲ್ಲಿ ಕಂಡೆ ಅನ್ನೋದು ನನಗೆ ಹೆಮ್ಮೆ.

ಆ ಮೂವರಲ್ಲಿ ಒಬ್ಬರು ಮೊನ್ನೆ ತಮ್ಮ ಆಂಥ್ರಸೀನ್ (ನ್ಯಾಫ್ತಲೀನ್ ಜಾತಿಯದ್ದೇ) ಹರಳು ತಂದುಕೊಟ್ಟರು. ಮುಂದಿನ ವಾರ ಅದನ್ನು ಒತ್ತಬೇಕು.