ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದು ಹೀಗೆ

ವಿಜಯದಶಮಿಯ ದಿನ ನಮ್ಮ ಮನೆಯ ಅಟ್ಟದಿಂದ ಎರಡು ಬುಟ್ಟಿ ಕೆಳಗೆ ಇಳಿಯುತ್ತವೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬ್ಲಿ ಬುಟ್ಟಿ. ಅಲ್ಲಿಂದ ಐದು ದಿನಕ್ಕೆ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿಕೊಂಡಿರುತ್ತದೆ, ಅಂದರೆ ತೆನೆ ಇನ್ನೂ ಗಿಡದ ಹೊಟ್ಟೆಯೊಳಗೇ ಇರುತ್ತದೆ. ಬಸುರಿ ಮಗಳಿಗೆ ಬಯಕೆ ಊಟ ಹಾಕುವ ಹಾಗೆ ಭೂಮಿತಾಯಿಗೂ ಹಾಕಬೇಕು, ಅಲ್ವಾ? ಕಡುಬು, ಸೊಪ್ಪುಸದೆ ಬೇಯಿಸಿದ ಹಚ್ಚಂಬ್ಲಿ ಎಲ್ಲ ಈ ಬುಟ್ಟಿಗಳಲ್ಲೇ ಗದ್ದೆಗೆ ಹೋಗುತ್ತವೆ. ಸಾಗರ, ಸೊರಬದ ಕಡೆ ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುವವರು ಹೆಂಗಸರು. ನನಗೆ ಕಲಿಸಿದ್ದು ದೊಡ್ಡಮ್ಮ.

ಅವರದ್ದು ಒಂದೇ ಮಾತು: ಗದ್ದೆಗೆ ಹೋಗುವ ಬುಟ್ಟಿಗೆ ಗದ್ದೆ, ಕಾಡು, ಕೊಟ್ಟಿಗೆ ಕೊಟ್ಟಿದ್ದನ್ನೇ ಹಚ್ಚಬೇಕು. ಅಂಗಡಿಯ ಬಣ್ಣ ಬೇಗ ಮುಗಿಯುತ್ತದೆ ನಿಜ. ಆದರೆ ಕೆಮ್ಮಣ್ಣಿನ ಮೇಲೆ ಅಕ್ಕಿಯ ಬಿಳಿ ಕೂತ ಹಾಗೆ ಅದು ಕೂರುವುದಿಲ್ಲ. ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ಮೊದಲ ಸಲ ಮಾಡುವವರು ಒಂದೂವರೆ ಗೇಣು ಬಾಯಿಯ ಬಿದಿರ ಬುಟ್ಟಿ ತೆಗೆದುಕೊಳ್ಳಿ. ಹೆಣಿಗೆ ಒತ್ತಾಗಿರಲಿ. ಹೊಸ ಸಗಣಿಗೆ ಒಂದು ಹಿಡಿ ಜೇಡಿಮಣ್ಣು ಸೇರಿಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಬೆರಳಿನಿಂದ ಹೆಣಿಗೆಯ ಸಂದಿಗೆ ಒತ್ತುತ್ತಾ ಹೋಗಿ. ಮೇಲೆ ದಪ್ಪ ಮೆತ್ತಬೇಡಿ, ಸಂದಿ ಮುಚ್ಚಿದರೆ ಸಾಕು. ನೆರಳಲ್ಲೇ ಒಣಗಿಸಿ. ಒಂದು ವರ್ಷ ಮಳೆ ಬಿಡಲಿಲ್ಲ ಅಂತ ನಾನು ಬುಟ್ಟಿಯನ್ನು ಒಲೆಯ ಪಕ್ಕ ಇಟ್ಟೆ. ಸಂಜೆಗೆ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಪೂರ್ತಿ ಕೆರೆದು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಕೆಮ್ಮಣ್ಣಿಗೆ ಮಲೆನಾಡಿನಲ್ಲಿ ಬರವೇ? ಮನೆ ಹಿಂದಿನ ದರೆಯಿಂದ, ಅಂದರೆ ಮಣ್ಣಿನ ದಿಬ್ಬದಿಂದ, ಒಂದು ಬುಟ್ಟಿ ಮಣ್ಣು ತನ್ನಿ. ಆದರೆ ಜರಡಿ ಹಿಡಿದರೆ ಸಾಲದು. ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕದಡಿ, ಇಪ್ಪತ್ತು ಎಣಿಸಿ. ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಸಿಗುತ್ತದೆ. ಅದನ್ನು ಹಳೆ ಪಂಚೆಯ ಚೂರಿನಿಂದ ತೆಳ್ಳಗೆ ಮೂರು ಸಲ ಬಳಿಯಿರಿ. ಒಂದು ಒಣಗಿದ ಮೇಲೇ ಇನ್ನೊಂದು.

ಈಗ ಬಿಳಿ. ಹಿಂದಿನ ರಾತ್ರಿ ಒಂದು ಹಿಡಿ ಬೆಳ್ತಿಗೆ ಅಕ್ಕಿ ನೆನೆಹಾಕಿ. ಕುಚ್ಚಲಕ್ಕಿ ಬೇಡ. ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿ. ಹಾಲಿಗಿಂತ ಸ್ವಲ್ಪ ದಪ್ಪ ಇರಬೇಕು. ಅವತ್ತಿನದನ್ನು ಅವತ್ತೇ ಮುಗಿಸಿ, ಹುಳಿ ಬಂದರೆ ಗೆರೆ ಉದುರುತ್ತದೆ. ಇನ್ನೊಂದು ಮುಖ್ಯವಾದ ವಿಷಯ: ಗೆರೆ ಎಳೆದ ಕೂಡಲೇ ಅದು ಕಾಣುವುದೇ ಇಲ್ಲ. ಒದ್ದೆ ಮಣ್ಣಿನ ಮೇಲೆ ನೀರು ಎಳೆದ ಹಾಗಿರುತ್ತದೆ. ಹೊಸಬರು ಗಾಬರಿಯಾಗಿ ಅದರ ಮೇಲೆ ಮತ್ತೆ ಎಳೆಯುತ್ತಾರೆ, ಗೆರೆ ದಪ್ಪವಾಗುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಸುಮ್ನೆ ಕಾಯಿರಿ. ಒಣಗುತ್ತಾ ಒಣಗುತ್ತಾ ಬಿಳಿ ತಾನಾಗಿ ಮೇಲೆ ಬರುತ್ತದೆ. ಅದನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ಕುಂಚ ಪುಂಡಿ ನಾರಿನದ್ದು. ಪುಂಡಿ ಕಡ್ಡಿಯನ್ನು ನೀರಲ್ಲಿ ಕೊಳೆಸಿ, ಬಡಿದು, ತೊಳೆದರೆ ನಾರು ಬಿಡುತ್ತದೆ. ಪುಂಡಿ ಸಿಗದಿದ್ದರೆ ಹಳೆ ಗೋಣಿಚೀಲದ ಎಳೆ ಬಿಡಿಸಿಕೊಳ್ಳಿ, ಸಣ್ಣ ಗೆರೆಗೆ ಅದೂ ಆಗುತ್ತದೆ. ಏಳೆಂಟು ಎಳೆ ಒಟ್ಟು ಮಾಡಿ ತೆಳ್ಳಗಿನ ಕಡ್ಡಿಗೆ ದಾರದಿಂದ ಬಿಗಿಯಿರಿ. ತುದಿ ಒಂದು ಬೆರಳುದ್ದ ಇರಲಿ. ತುದಿ ಉದ್ದ ಇದ್ದರೇ ಗೆರೆ ನೆಟ್ಟಗೆ ಬರುವುದು. ಗಿಡ್ಡ ಕುಂಚ ಕೈ ನಡುಗಿದ ಹಾಗೆಲ್ಲ ನಡುಗುತ್ತದೆ. ಉದ್ದದ್ದು ಹಿಂದೆ ಹಿಂದೆ ಎಳೆದುಕೊಂಡು ಬರುತ್ತದೆ.

ಬರೆಯುವಾಗ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಬರೆಯುವ ಕೈ ಒಂದೇ ಕಡೆ ಇರಲಿ, ಎಡಗೈ ಬುಟ್ಟಿಯನ್ನು ತಿರುಗಿಸಲಿ. ಕುಂಚವನ್ನು ಮಲಗಿಸಿ ನಿಮ್ಮ ಕಡೆಗೆ ಎಳೆಯಿರಿ, ಮುಂದಕ್ಕೆ ತಳ್ಳಬೇಡಿ. ಮೊದಲು ಬಾಯಿಯ ಸುತ್ತ ಮತ್ತು ಬುಡದ ಸುತ್ತ ಎರಡೆರಡು ಗೆರೆ. ಅಳತೆ ತಪ್ಪುತ್ತದೆ ಅನಿಸಿದರೆ ಬಾಳೆ ನಾರನ್ನು ಸುತ್ತಿ ಕಟ್ಟಿ, ಅದರ ಪಕ್ಕದಲ್ಲೇ ಎಳೆಯಿರಿ. ನಡುವಿನ ಜಾಗವನ್ನು ನಿಂತ ಗೆರೆಗಳಿಂದ ಮನೆ ಮನೆಯಾಗಿ ಭಾಗ ಮಾಡಿ. ಒಂದು ಮನೆಗೆ ಭತ್ತದ ತೆನೆ, ಒಂದಕ್ಕೆ ಅಡಿಕೆ ಮರ, ಒಂದಕ್ಕೆ ಏಣಿ, ಒಂದಕ್ಕೆ ಬಳ್ಳಿ. ಕೈ ಪಳಗಿದವರು ಜೋಗಿ ಜಡೆ ಬರೆಯುತ್ತಾರೆ. ಹೆಣೆದ ಜಡೆಯ ಹಾಗೆ ಗೆರೆಗಳು ಒಂದರೊಳಗೆ ಒಂದು ಹೊಕ್ಕು ಬರುವ ಚಿತ್ತಾರ ಅದು. ಶುರುವಿಗೆ ಏಣಿ ಒಳ್ಳೆಯದು. ಬರೀ ನೇರ ಗೆರೆ, ಕೈಗೆ ಅಭ್ಯಾಸವಾಗುತ್ತದೆ. ಪೆನ್ಸಿಲಿನಲ್ಲಿ ಮೊದಲೇ ಬರೆದುಕೊಳ್ಳಬೇಡಿ. ಪೆನ್ಸಿಲ್ ಗೆರೆಯ ಹಿಂದೆ ಹೋಗುವ ಕುಂಚಕ್ಕೆ ಧೈರ್ಯವೇ ಬರುವುದಿಲ್ಲ.

ಕಪ್ಪು ಬೇಕಿದ್ದರೆ ಅಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲಾಗುವ ತನಕ ಹುರಿದು, ನೆನೆಸಿ ಅರೆಯಿರಿ. ಹಳದಿಗೆ ಗುರಿಗೆ ಕಾಯಿ. ಅದು ಕಾಡಿನದ್ದು, ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕಿದರೂ ಬುಟ್ಟಿಯ ಒಳಗೆ ಹಚ್ಚಬೇಡಿ, ಬಾಯಿಗೆ ಹೋದರೆ ಹೊಟ್ಟೆ ಕೆಡುತ್ತದೆ. ಮಕ್ಕಳು ಜೊತೆಗಿದ್ದರೆ ಕೈ ತೊಳೆಸಿಯೇ ಎಬ್ಬಿಸಿ. ನನ್ನ ಕೇಳಿದರೆ ಮೊದಲ ಬುಟ್ಟಿಗೆ ಕೆಂಪು, ಬಿಳಿ ಎರಡೇ ಸಾಕು.

ಗದ್ದೆಯಿಂದ ಬಂದ ಬುಟ್ಟಿಯನ್ನು ಒರೆಸಿ, ಒಂದು ದಿನ ಗಾಳಿಗಿಡಿ. ಅಕ್ಕಿ ಬಿಳಿ ಅಂದರೆ ಜಿರಳೆಗೆ ಊಟ. ಅದಕ್ಕೆ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಒಲೆಯ ಹೊಗೆ ತಾಗುವ ಕಡೆ ತೂಗುಹಾಕಿ. ಮುಂದಿನ ವರ್ಷದ ಹೊತ್ತಿಗೆ ಚಿತ್ತಾರ ಮಾಸಿರುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದು, ಅದೇ ಬುಟ್ಟಿಗೆ ಮತ್ತೆ ಕೆಮ್ಮಣ್ಣು ಬಳಿಯಿರಿ.