ಎರಡನೇ ರೌಟರ್‌ಗೆ ರೌಟರ್ ಕೆಲಸ ಬಿಡಿಸಿದ್ದು

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ಕಂಬದಿಂದ ಬಂದ ಫೈಬರ್ ಕೆಳಗಿನ ಹಾಲ್‌ನ ಕಿಟಕಿ ಪಕ್ಕ ಒಳಗೆ ಬರುತ್ತದೆ. ಇಂಟರ್ನೆಟ್‌ನವರು ಕೊಟ್ಟ ಡಬ್ಬವೂ ಅಲ್ಲೇ ಗೋಡೆ ಮೇಲಿದೆ. ಮೋಡೆಮ್, ರೌಟರ್, ವೈಫೈ ಮೂರೂ ಅದೊಂದರಲ್ಲೇ. ಹಾಲ್‌ನಲ್ಲಿ ಟಿವಿ ಚೆನ್ನಾಗಿ ಓಡುತ್ತದೆ. ನಾನು ಕೆಲಸ ಮಾಡುವುದು ಮಹಡಿ ಮೇಲಿನ ಹಿಂದಿನ ರೂಮಿನಲ್ಲಿ. ಅಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೆ ಅದೇ ಜಾಸ್ತಿ. ನಡುವೆ ಆರ್‌ಸಿಸಿ ಸ್ಲ್ಯಾಬ್ ಇದೆ, ಒಂಬತ್ತಿಂಚಿನ ಗೋಡೆಗಳಿವೆ. 5 ಗಿಗಾಹರ್ಟ್ಸ್ ವೈಫೈ ಇಷ್ಟನ್ನೆಲ್ಲ ದಾಟಿ ಬರುವುದಿಲ್ಲ. 2.4 ಬರುತ್ತದೆ, ಆದರೆ ಸೊರಗಿ ಬರುತ್ತದೆ.

ರಿಪೀಟರ್ (ಬಂದ ವೈಫೈಯನ್ನೇ ಹಿಡಿದು ಮುಂದಕ್ಕೆ ಕಳಿಸುವ ಡಬ್ಬ) ತಗೊಳ್ಳಿ ಅಂದವರೇ ಹೆಚ್ಚು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಸಿಗ್ನಲ್ ಸೊರಗಿರುವ ಕಡೆ ರಿಪೀಟರ್ ಇಟ್ಟರೆ ತಂಗಳನ್ನೇ ಬಿಸಿ ಮಾಡಿ ಬಡಿಸಿದ ಹಾಗೆ. ಜೊತೆಗೆ ಒಂದೇ ಬ್ಯಾಂಡ್‌ನಲ್ಲಿ ತೆಗೆದುಕೊಂಡು ಅದರಲ್ಲೇ ಕೊಡುವಾಗ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಹಳೇ ಕನೆಕ್ಷನ್ ಕಾಲದ ಒಂದು ರೌಟರ್ ಬೀರುವಿನಲ್ಲಿ ಸುಮ್ನೆ ಬಿದ್ದಿತ್ತು. ಮೇಲಿನವರೆಗೆ ವೈರ್ ಎಳೆದು ಅದನ್ನೇ ಹಾಕೋಣ ಅಂತ ತೀರ್ಮಾನ ಮಾಡಿದೆ.

ವೈರ್ ವಿಷಯದಲ್ಲಿ ಜಿಪುಣತನ ಬೇಡ. ಅಂಗಡಿಯಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಅಂತ ಕೇಳಿದರೆ ಎರಡು ಥರದ್ದು ತೋರಿಸುತ್ತಾರೆ. ಕಡಿಮೆ ಬೆಲೆಯದ್ದು ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ್ದು. ಅದರ ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಪೂರ್ತಿ ತಾಮ್ರದ್ದನ್ನೇ ಕೇಳಿ ತಗೊಳ್ಳಿ. 100 ಮೀಟರ್‌ವರೆಗೂ ಅದು ಆರಾಮಾಗಿ ಕೆಲಸ ಮಾಡುತ್ತದೆ, ಮನೆಗೆ ಅಷ್ಟು ಉದ್ದ ಎಲ್ಲಿ ಬೇಕು? ನಾನು ಹಳೇ ಕೇಬಲ್ ಟಿವಿ ಪೈಪಿನೊಳಗೇ ಎಳೆದೆ. ಕರೆಂಟ್ ವೈರ್ ಇರುವ ಪೈಪಿಗೆ ಮಾತ್ರ ತೂರಿಸಬೇಡಿ. ಹೊರಗೋಡೆ ಮೇಲೆ ಹಾಯಿಸುವುದಾದರೆ ಔಟ್‌ಡೋರ್ ಕೇಬಲ್ಲೇ ಬೇಕು. ನಮ್ಮೂರ ಬೇಸಿಗೆ ಬಿಸಿಲಿಗೆ ಮಾಮೂಲಿ ಕೇಬಲ್‌ನ ಸಿಪ್ಪೆ ಒಣಗಿ ಬಿರಿಯುತ್ತದೆ.

ತುದಿಗೆ ಪಿನ್ ಕಚ್ಚಿಸುವುದು ತಾಳ್ಮೆಯ ಕೆಲಸ. ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ ಇರುತ್ತವೆ, ಎರಡೆರಡು ಹೆಣೆದಿರುತ್ತವೆ. ಹೆಣಿಗೆ ಬಿಚ್ಚಿ, ಬೆರಳಲ್ಲಿ ನೀವಿ ನೆಟ್ಟಗೆ ಮಾಡಿ ಈ ಸಾಲಿನಲ್ಲಿ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿ ನೀಲಿಯ ಆಚೆ ಈಚೆ ಹಂಚಿಹೋಗುತ್ತದೆ, ಕೈ ತಪ್ಪುವುದು ಅಲ್ಲೇ. ಆಮೇಲೆ ಎಲ್ಲವನ್ನೂ ಒಂದೇ ಸಮ ಕತ್ತರಿಸಿ ಪಿನ್ನಿನ ತುದಿ ಮುಟ್ಟುವವರೆಗೆ ತಳ್ಳಬೇಕು. ಹೊರ ಸಿಪ್ಪೆಯೂ ಸ್ವಲ್ಪ ಪಿನ್ನಿನೊಳಗೆ ಹೋಗಿರಬೇಕು, ಇಲ್ಲದಿದ್ದರೆ ಎಳೆದಾಗ ಕಿತ್ತು ಬರುತ್ತದೆ. ಎರಡೂ ಕಡೆ ಒಂದೇ ಸಾಲು. ಕೇಬಲ್ ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ದೀಪ ವರಸೆಯಾಗಿ ಹತ್ತಿದರೆ ಸರಿ. ನಾಲ್ಕೈದನೇ ದೀಪ ಹತ್ತದಿದ್ದರೂ ನೆಟ್ ಬರಬಹುದು. ಆದರೆ 100 ಎಂಬಿಪಿಎಸ್‌ಗೇ ನಿಂತುಬಿಡುತ್ತದೆ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು.

ಅಣ್ಣನ ಮಗ ಪಕ್ಕದಲ್ಲೇ ನಿಂತಿದ್ದ. "ಚಿಕ್ಕಪ್ಪ, ವೈರ್ ಸಿಕ್ಕಿಸಿದ್ರೆ ಆಯ್ತಲ್ವಾ?" ಅಂದವನೇ ಹಳೇ ರೌಟರ್‌ನ ವ್ಯಾನ್ ಪೋರ್ಟ್‌ಗೆ (ಹೊರಗಿನ ಇಂಟರ್ನೆಟ್ ಲೈನಿಗೆ ಅಂತ ಇರುವ ತೂತಿಗೆ) ಸಿಕ್ಕಿಸಿಬಿಟ್ಟ. ನೆಟ್ ಬಂತು. "ನೋಡಿ!" ಅಂದ. ಕೆಳಗಿರುವ ಪ್ರಿಂಟರ್ ಹುಡುಕು ಅಂದೆ. ಅವನ ಫೋನಿಗೆ ಅದು ಕಾಣಲೇ ಇಲ್ಲ.

ಹೆಚ್ಚಿನವರ ತಲೆನೋವು ಶುರುವಾಗುವುದು ಇಲ್ಲೇ. ವ್ಯಾನ್‌ಗೆ ಸಿಕ್ಕಿಸಿದರೆ ಎರಡನೇ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟುತ್ತದೆ. ಕೆಳಗಿನ ಸಾಧನಗಳ ವಿಳಾಸ 192.168.1ರಿಂದ ಶುರುವಾದರೆ ಮೇಲಿನವುಗಳದ್ದು 192.168.0ರಿಂದ. ಎರಡರಲ್ಲೂ 192.168.1 ಇದ್ದರಂತೂ ನೆಟ್ಟೇ ನೆಟ್ಟಗೆ ಬರುವುದಿಲ್ಲ. ಹೊರಗೆ ಹೋಗುವ ಪ್ರತಿಯೊಂದೂ ಎರಡು ಸಲ ವಿಳಾಸ ಬದಲಿಸಿಕೊಳ್ಳಬೇಕು, ಇದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ಬರೀ ವಿಡಿಯೊ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆಟ ಆಡುವವರಿಗೆ, ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ಮನೆಯೊಳಗಿನ ಸಾಧನಕ್ಕೆ ದಾರಿ ಬಿಟ್ಟು) ಸಿಸಿಟಿವಿ ನೋಡುವವರಿಗೆ ಕಾಟ. ಇನ್ನೊಂದು ಮಾತು. ಅತಿಥಿಗಳನ್ನು ಬೇರೆ ಇಡೋಣ ಅಂತ ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ. ಅದು ಉಲ್ಟಾ ಆಗುತ್ತದೆ. ಒಳಗಿನ, ಅಂದರೆ ಎರಡನೇ ರೌಟರ್‌ನಲ್ಲಿರುವವರು ಹೊರಗಿನದರ (ಮೊದಲನೆಯದರ) ಸಾಧನಗಳನ್ನು, ಪ್ರಿಂಟರ್‌ನಂತೆ ತಾವಾಗಿ ಕಾಣದಿದ್ದರೂ, ವಿಳಾಸ ಹೊಡೆದು ತಲುಪಬಹುದು. ಹೊರಗಿನವರಿಗೆ ಮಾತ್ರ ಒಳಗಿನದು ಕಾಣುವುದಿಲ್ಲ.

ನನಗೆ ಬೇಕಿದ್ದದ್ದು ಇಡೀ ಮನೆಗೆ ಒಂದೇ ನೆಟ್‌ವರ್ಕ್. ಅಂದರೆ ವಿಳಾಸ ಹಂಚುವ ಕೆಲಸ ಕೆಳಗಿನ ಡಬ್ಬದ್ದು ಮಾತ್ರ. ಮೇಲಿನದು ಸುಮ್ನೆ ವೈಫೈ ಕೊಟ್ಟುಕೊಂಡು ಇರಬೇಕು. ಈಗಿನ ಎಷ್ಟೋ ರೌಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ, ಅದನ್ನು ಆರಿಸಿದರೆ ಮುಗಿಯಿತು. ನನ್ನ ಹಳೆಯದರಲ್ಲಿ ಇರಲಿಲ್ಲ, ಕೈಯಾರೆ ಮಾಡಿದೆ.

ಮೊದಲು ಹಿಂದಿನ ತೂತಿನ ರೀಸೆಟ್ ಬಟನ್ ಅನ್ನು ಗುಂಡುಪಿನ್ನಿನಲ್ಲಿ ಹತ್ತು ಸೆಕೆಂಡ್ ಒತ್ತಿ ಹಳೇದೆಲ್ಲ ಅಳಿಸಿದೆ. ಕೆಳಗಿನ ಡಬ್ಬಕ್ಕೆ ಇನ್ನೂ ಜೋಡಿಸದೆ, ಲ್ಯಾಪ್‌ಟಾಪನ್ನು ಇದಕ್ಕೆ ಮಾತ್ರ ವೈರ್‌ನಲ್ಲಿ ಸಿಕ್ಕಿಸಿ ಬ್ರೌಸರ್‌ನಲ್ಲಿ ಇದರ ಸೆಟ್ಟಿಂಗ್ಸ್ ತೆರೆದೆ. ವೈಫೈಗೆ ಕೆಳಗಿನದೇ ಹೆಸರು, ಅದೇ ಪಾಸ್‌ವರ್ಡ್, ಅದೇ ಸೆಕ್ಯುರಿಟಿ ಕೊಟ್ಟೆ. ಚಾನೆಲ್ ಮಾತ್ರ ಬೇರೆ. ಕೆಳಗೆ 1 ಇತ್ತು, ಮೇಲೆ 11 ಇಟ್ಟೆ. 2.4ರಲ್ಲಿ ಒಂದರ ಮೇಲೊಂದು ಬೀಳದೆ ಇರುವುದು 1, 6, 11 ಮಾತ್ರ. ಆಮೇಲೆ ರೌಟರ್‌ನ ಸ್ವಂತ ವಿಳಾಸವನ್ನು 192.168.1.2 ಮಾಡಿದೆ. ಸೇವ್ ಮಾಡಿದ ಕೂಡಲೇ ಪುಟ ಕೈಬಿಡುತ್ತದೆ, ಗಾಬರಿ ಬೇಡ. ಹೊಸ ವಿಳಾಸ ಹೊಡೆದು ಮತ್ತೆ ಒಳಗೆ ಹೋಗಬೇಕು. ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡುವುದು ಕಟ್ಟಕಡೆಗೆ. ಅದನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಕೊಡುವವರೇ ಇರುವುದಿಲ್ಲ, ಕೈಯಿಂದ ತುಂಬಬೇಕಾಗುತ್ತದೆ.

ಕೆಳಗಿನ ಡಬ್ಬದಲ್ಲೂ ಒಂದು ಕೆಲಸವಿದೆ. ಅದು 192.168.1.2ರಿಂದಲೇ ವಿಳಾಸ ಹಂಚುತ್ತಿತ್ತು. ಹಾಗೇ ಬಿಟ್ಟರೆ ಯಾರದೋ ಫೋನಿಗೂ ರೌಟರ್‌ಗೂ ಒಂದೇ ವಿಳಾಸ ಬಿದ್ದು ಜಗಳವಾಗುತ್ತದೆ. ಹಂಚಿಕೆ 192.168.1.10ರಿಂದ ಶುರುವಾಗಲಿ ಅಂತ ಬದಲಿಸಿದೆ.

ಇನ್ನು ಜೋಡಣೆ. ಕೆಳಗಿನದರ ಲ್ಯಾನ್ ಪೋರ್ಟ್‌ನಿಂದ (ಮನೆಯೊಳಗಿನ ಸಾಧನಗಳಿಗೆ ಇರುವ ತೂತಿನಿಂದ) ಮೇಲಿನದರ ಲ್ಯಾನ್ ಪೋರ್ಟ್‌ಗೆ, ಒಂದೇ ವೈರ್. ವ್ಯಾನ್ ಪೋರ್ಟ್ ಖಾಲಿ. ಯಾರೂ ಸಿಕ್ಕಿಸಬಾರದು ಅಂತ ಅದರ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಇರಲಿ ಅಂತ ಎರಡು ವೈರ್ ಹಾಕಿದಿರೋ, ಲೂಪ್ ಆಗಿ, ಅಂದರೆ ಡೇಟಾ ಅಲ್ಲಲ್ಲೇ ಸುತ್ತಿ, ಮನೆಯ ನೆಟ್ಟೆಲ್ಲ ಮಲಗುತ್ತದೆ.

ಸರಿಯಾಗಿದೆಯೋ ಇಲ್ಲವೋ ನೋಡಲು ಮೇಲಿನ ರೂಮಿನಲ್ಲಿ ಫೋನಿನ ವೈಫೈ ವಿವರ ತೆರೆಯಿರಿ. ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಕೆಳಗಿನ ಡಬ್ಬದ ವಿಳಾಸವೇ, ಅಂದರೆ 192.168.1.1 ಅಂತ ಇದ್ದರೆ ಗೆದ್ದಿರಿ. ನಮ್ಮ ಹುಡುಗನ ಫೋನಿನಲ್ಲಿ ಹಾಗೇ ಬಂತು, ಪ್ರಿಂಟರ್ ಕೂಡ ಕಾಣಿಸಿತು. "ಮೊದ್ಲೇ ಹೇಳ್ಬಾರ್ದಾ ಚಿಕ್ಕಪ್ಪ" ಅಂದ. ಆವತ್ತಿನ ಮಂಡಕ್ಕಿ-ಮಿರ್ಚಿ ಖರ್ಚು ನನ್ನದೇ ಆಯಿತು ಬಿಡಿ.

ಎರಡು ಕೊರತೆ ಉಳಿದಿವೆ. ಹಳೇ ರೌಟರ್‌ನ ಪೋರ್ಟ್‌ಗಳು 100 ಎಂಬಿಪಿಎಸ್‌ನವು, ಹಾಗಾಗಿ ಮೇಲೆ ತೊಂಬತ್ತರ ಆಸುಪಾಸು ಬರುತ್ತದೆ. ನನ್ನ ಕೆಲಸಕ್ಕೆ ಅಷ್ಟು ಸಾಕು. ಜಾಸ್ತಿ ಬೇಕಾದವರು ಗಿಗಾಬಿಟ್ ಪೋರ್ಟ್‌ನದ್ದು ತಗೊಳ್ಳಬೇಕು. ಇನ್ನೊಂದು, ಮೆಟ್ಟಿಲು ಹತ್ತುವಾಗ ಕೆಲವು ಫೋನ್‌ಗಳು ಕೆಳಗಿನ ಸಿಗ್ನಲನ್ನೇ ಹಿಡಿದುಕೊಂಡು ಬಿಡುವುದಿಲ್ಲ. ಯಾವ ರೌಟರ್‌ಗೆ ಅಂಟಿಕೊಳ್ಳಬೇಕು ಅನ್ನುವುದು ಫೋನಿನ ತೀರ್ಮಾನ, ವೈಫೈ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಕರೆಂಟ್ ಹೋದಾಗ ಎರಡೂ ಡಬ್ಬ ಓಡಬೇಕಲ್ಲ, ಅದಕ್ಕೆ ಮೇಲೊಂದು ಕೆಳಗೊಂದು ಮಿನಿ ಯುಪಿಎಸ್ ಇಟ್ಟಿದ್ದೇನೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಚೀಟಿ ಓದಿ. ಕೆಳಗಿನದು 12 ವೋಲ್ಟ್, ಮೇಲಿನ ಹಳೆಯದು 9 ವೋಲ್ಟ್. ಪಿನ್ ಮಾತ್ರ ಎರಡಕ್ಕೂ ಒಂದೇ ಥರ ಕೂರುತ್ತದೆ.